ಪಾಸ್ಕಲ್-ಪಿ: ಕೊಟ್ಟ ರೀತಿ, ಬಿಟ್ಟ ಭಾಗ

1970ರಲ್ಲಿ ಜೂರಿಕ್‌ನ ಇಟಿಎಚ್‌ನಲ್ಲಿ ನಿಕ್ಲಾಸ್ ವಿರ್ತ್ ಅವರ ಪಾಸ್ಕಲ್ ಕಂಪೈಲರ್ ಮೊದಲ ಸಲ ಕೆಲಸಕ್ಕೆ ಬಂದಾಗ ಅದು ನಡೆಯುತ್ತಿದ್ದುದು ಸಿಡಿಸಿ 6000 ಸರಣಿಯ ಯಂತ್ರಗಳ ಮೇಲೆ ಮಾತ್ರ. ಆ ಯಂತ್ರ ಇಲ್ಲದ ವಿಶ್ವವಿದ್ಯಾಲಯಕ್ಕೆ ಪಾಸ್ಕಲ್ ಎಂಬುದು ಓದಿ ತಿಳಿಯಬಹುದಾದ ಒಂದು ಪ್ರಬಂಧ, ಅಷ್ಟೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಕಾಲೇಜುಗಳಲ್ಲಿ ಅನೇಕವು ಪಾಸ್ಕಲ್ ಕಡೆಗೆ ತಿರುಗಿದ್ದವು. ಇದಕ್ಕೆ ಭಾಷೆಯ ಚೆಲುವು ಕಾರಣ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಚೆಲುವು ಇತ್ತು ನಿಜ. ಆದರೆ ಆ ಚೆಲುವನ್ನು ಊರೂರಿಗೆ ಮುಟ್ಟಿಸಿದ್ದು ಬೇರೊಂದು ಕೃತಿ: ಜೂರಿಕ್‌ನಿಂದ ಟೇಪಿನ ಮೇಲೆ ಹೊರಟ ಪಾಸ್ಕಲ್-ಪಿ. ಭಾಷೆಯ ವಿಮರ್ಶೆ ಬೇಕಾದಷ್ಟು ನಡೆದಿದೆ, ಅದನ್ನು ಹಂಚಿದ ಬಗೆಯ ವಿಮರ್ಶೆ ನಡೆದದ್ದು ಕಡಿಮೆ. ಪಾಸ್ಕಲ್ ಗೆದ್ದದ್ದೂ ಒಡೆದು ಹತ್ತು ಹೋಳಾದದ್ದೂ ಈ ಹಂಚಿಕೆಯಲ್ಲಿ ಮಾಡಿದ ಒಂದೇ ತೀರ್ಮಾನದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾಸ್ಕಲ್ ಹುಟ್ಟಿದ ಹೊತ್ತನ್ನು ಸ್ವಲ್ಪ ನೆನೆಯಬೇಕು. ಆಲ್ಗಾಲ್ 60ರ ನಂತರದ ಭಾಷೆ ಹೇಗಿರಬೇಕೆಂದು ಅಂತಾರಾಷ್ಟ್ರೀಯ ಸಮಿತಿಯೊಂದು ವರ್ಷಗಟ್ಟಲೆ ಚರ್ಚಿಸಿತು. ಕೊನೆಗೆ ಹೊರಬಂದ ಆಲ್ಗಾಲ್ 68 ಎಷ್ಟು ದೊಡ್ಡದಾಗಿತ್ತೆಂದರೆ ಅದಕ್ಕೊಂದು ಪೂರ್ಣ ಕಂಪೈಲರ್ ಬರೆಯುವುದೇ ದೊಡ್ಡ ಸಾಹಸವಾಯಿತು. ಆ ದಾರಿಯನ್ನು ಒಪ್ಪದ ವಿರ್ತ್ ಸಮಿತಿಯಿಂದ ಹೊರಬಂದರು. ಅದಕ್ಕೂ ಮೊದಲು ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕಟ್ಟಿದ್ದ ಆಲ್ಗಾಲ್ ಡಬ್ಲ್ಯು ಒಳ್ಳೆಯ ಭಾಷೆಯೇ ಆಗಿತ್ತು. ಆದರೆ ಐಬಿಎಂ 360 ಇದ್ದವರಿಗಷ್ಟೇ ದಕ್ಕಿತು. ಯಂತ್ರಕ್ಕೆ ಕಟ್ಟಿಹಾಕಿದ ಕಂಪೈಲರ್ ಆ ಯಂತ್ರದ ಜೊತೆಗೇ ಮುದಿಯಾಗುತ್ತದೆ ಎಂಬ ಪಾಠ ಅಲ್ಲಿತ್ತು.

ಜೂರಿಕ್‌ನಲ್ಲಿ ಮೊದಲು ಪಾಸ್ಕಲ್ ಕಂಪೈಲರನ್ನು ಫೋರ್ಟ್ರಾನ್‌ನಲ್ಲಿ ಬರೆಯಲು ಹೊರಟರು. ಅದು ಕೈಗೂಡಲಿಲ್ಲ. ಎರಡನೆಯ ಪ್ರಯತ್ನದಲ್ಲಿ ಕಂಪೈಲರನ್ನು ಪಾಸ್ಕಲ್‌ನಲ್ಲೇ ಬರೆದರು. ಅದನ್ನು ಅರ್ಥಮಾಡಿಕೊಳ್ಳುವ ಯಂತ್ರ ಇನ್ನೂ ಇರಲಿಲ್ಲವಾದ್ದರಿಂದ ತಂಡದ ರುಡಾಲ್ಫ್ ಶಿಲ್ಡ್ ಎರಡು ವಾರ ಮನೆಯಲ್ಲಿ ಕೂತು ಇಡೀ ಪ್ರೋಗ್ರಾಮನ್ನು ಕೈಯಿಂದಲೇ ಕೆಳಮಟ್ಟದ ಭಾಷೆಯೊಂದಕ್ಕೆ ಇಳಿಸಿದರು. ಅದರ ಬಲದಿಂದ ಮೂಲ ಕಂಪೈಲರ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡಿತು. ತನ್ನ ಭಾಷೆಯಲ್ಲೇ ಬರೆದ ಕಂಪೈಲರ್ ಎಂಬ ಈ ಗುಣವೇ ಮುಂದಿನ ಹಂಚಿಕೆಗೆ ಆಧಾರವಾಯಿತು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ಇದೇ ಸೋರ್ಸ್ ಕೋಡ್ ಹಿಡಿದು ಐಸಿಎಲ್ 1900 ಯಂತ್ರಕ್ಕೆ ಪಾಸ್ಕಲ್ ತಂದರು. ಪಾಸ್ಕಲ್ ಬೇರೆಡೆ ಬದುಕುತ್ತದೆಂದು ಅಲ್ಲಿ ಗೊತ್ತಾಯಿತು, ಆದರೆ ಪ್ರತಿ ಯಂತ್ರಕ್ಕೂ ಅಷ್ಟು ಶ್ರಮ ಹಾಕುವ ತಂಡ ಎಲ್ಲ ಕಡೆ ಇರುವುದಿಲ್ಲ ಎಂಬುದೂ ಗೊತ್ತಾಯಿತು.

1973ರ ಸುಮಾರಿಗೆ ಜೂರಿಕ್ ಕಂಡುಕೊಂಡ ಉತ್ತರ ಪಾಸ್ಕಲ್-ಪಿ. ಉರ್ಸ್ ಅಮ್ಮನ್, ಕ್ಯಾಥ್ಲೀನ್ ಜೆನ್ಸನ್ ಮುಂತಾದವರಿದ್ದ ಆ ತಂಡದಲ್ಲಿ ಭಾರತದಿಂದ ಹೋಗಿದ್ದ ಕೇಶವ ನೋರಿ ಅವರೂ ಇದ್ದರು. ಪಾಸ್ಕಲ್-ಪಿ ಅನುಷ್ಠಾನದ ಟಿಪ್ಪಣಿಗಳ ಮೇಲೆ ಲೇಖಕರಲ್ಲಿ ಮೊದಲು ಕಾಣುವುದು ಅವರ ಹೆಸರೇ. ಮುಂದೆ ಅವರು ಐಐಟಿ ಕಾನ್ಪುರದಲ್ಲಿ ಪಾಠ ಹೇಳಿದರು, ಪುಣೆಯ ಟಾಟಾ ಸಂಶೋಧನಾ ಕೇಂದ್ರದಲ್ಲಿ ದುಡಿದರು. ನಮ್ಮ ತಂತ್ರಜ್ಞಾನದ ಚರಿತ್ರೆ ಬರೆಯುವವರು ಸಾಫ್ಟ್‌ವೇರ್ ರಫ್ತಿನಿಂದಲೇ ಕಥೆ ಶುರುಮಾಡುತ್ತಾರೆ. ಅದಕ್ಕೆ ಬಹಳ ಮುಂಚೆಯೇ ಜಗತ್ತಿನ ವಿಶ್ವವಿದ್ಯಾಲಯಗಳು ಬಳಸಿದ ಒಂದು ಕಂಪೈಲರಿನಲ್ಲಿ ಭಾರತೀಯರೊಬ್ಬರ ಕೈಯಿತ್ತು ಎಂಬುದನ್ನು ಹೇಳದೆ ಬಿಡುವುದು ನನಗೆ ಅನ್ಯಾಯವೆನಿಸುತ್ತದೆ.

ಆ ಟೇಪಿನಲ್ಲಿ ಏನಿತ್ತು? ಪಾಸ್ಕಲ್‌ನಲ್ಲಿ ಬರೆದ ಕಂಪೈಲರಿನ ಸೋರ್ಸ್ ಕೋಡ್. ಅದೇ ಕಂಪೈಲರ್ ಪಿ-ಕೋಡ್ ಎಂಬ ಕಾಲ್ಪನಿಕ ಯಂತ್ರದ ಆದೇಶಗಳಾಗಿ ಇಳಿದ ರೂಪ. ಜೊತೆಗೆ ಆ ಕಾಲ್ಪನಿಕ ಯಂತ್ರ ಹೇಗೆ ನಡೆಯಬೇಕೆಂದು ತೋರಿಸಲು ಪಾಸ್ಕಲ್‌ನಲ್ಲಿ ಬರೆದ ಇಂಟರ್‌ಪ್ರಿಟರ್. ಆ ಯಂತ್ರ ತೀರಾ ಸರಳ. ‘ಎ + ಬಿ * 2’ ಎಂಬ ಲೆಕ್ಕವನ್ನೇ ತೆಗೆದುಕೊಳ್ಳಿ. ಎ ಮೌಲ್ಯವನ್ನು ಸ್ಟ್ಯಾಕ್‌ಗೆ ಏರಿಸು, ಬಿ ಮೌಲ್ಯವನ್ನು ಏರಿಸು, 2ನ್ನು ಏರಿಸು, ಮೇಲಿನ ಎರಡನ್ನು ಗುಣಿಸು, ಉಳಿದ ಎರಡನ್ನು ಕೂಡು. ಐದು ಆದೇಶ, ಮುಗಿಯಿತು. ಗುಣಿಸುವುದಕ್ಕೆ ಎಂಪಿಐ, ಕೂಡುವುದಕ್ಕೆ ಎಡಿಐ ಎಂಬಂಥ ಮೂರಕ್ಷರದ ಹೆಸರುಗಳು. ರಿಜಿಸ್ಟರ್‌ಗಳ ತಂಟೆಯಿಲ್ಲ, ವಿಳಾಸ ಲೆಕ್ಕಹಾಕುವ ವಿಚಿತ್ರ ವಿಧಾನಗಳಿಲ್ಲ.

ಟೇಪು ಪಡೆದವರು ಮಾಡಬೇಕಾದದ್ದು ಇಷ್ಟು: ತಮ್ಮ ಯಂತ್ರದಲ್ಲಿ, ತಮಗೆ ಗೊತ್ತಿರುವ ಭಾಷೆಯಲ್ಲಿ, ಈ ಆದೇಶಗಳನ್ನು ನಡೆಸುವ ಚಿಕ್ಕ ಇಂಟರ್‌ಪ್ರಿಟರ್ ಬರೆಯುವುದು. ಅದಕ್ಕೆ ಪಿ-ಕೋಡ್ ರೂಪದ ಕಂಪೈಲರನ್ನು ಉಣಿಸಿದರೆ ಪಾಸ್ಕಲ್ ಬಂದಂತೆ. ಸರಿಯಾಗಿ ಬಂದಿದೆಯೇ ಎಂದು ನೋಡಲು ಕಂಪೈಲರಿನ ಸೋರ್ಸ್ ಕೋಡನ್ನೇ ಅದರೊಳಗೆ ಹಾಕಬೇಕು. ಹೊರಬರುವ ಪಿ-ಕೋಡ್ ಟೇಪಿನಲ್ಲಿ ಬಂದ ಪಿ-ಕೋಡಿಗೆ ಅಕ್ಷರಕ್ಕೆ ಅಕ್ಷರ ತಾಳೆಯಾದರೆ ಕೆಲಸ ಸರಿ. ಹೆಪ್ಪು ಇಸಕೊಂಡು ಹೋದವರು ತಮ್ಮ ಮನೆಯ ಹಾಲಿಗೆ ಹಾಕಿ ಮೊಸರು ಮಾಡಿಕೊಂಡ ಹಾಗೆ. ಕೆಲವು ವಾರಗಳ ಕೆಲಸ, ಒಬ್ಬ ಜಾಣ ವಿದ್ಯಾರ್ಥಿ ಮಾಡಿ ಮುಗಿಸಬಹುದಾದದ್ದು.

ಈ ಪದ್ಧತಿಯ ಹಿರಿಮೆ ಇಲ್ಲಿದೆ. ಪಡೆದವರ ಕೈಗೂ ಅದು ಕೆಲಸ ಕೊಟ್ಟಿತು, ಆ ಕೆಲಸವೇ ಕಲಿಕೆಯಾಯಿತು. ಇಂಟರ್‌ಪ್ರಿಟರ್ ಬರೆದವನಿಗೆ ಪ್ರೊಸೀಜರ್ ಕರೆದಾಗ ಸ್ಟ್ಯಾಕ್‌ನಲ್ಲಿ ಏನಾಗುತ್ತದೆ, ಒಳಗಿನ ಪ್ರೊಸೀಜರ್ ಹೊರಗಿನದರ ಚರವನ್ನು ಹೇಗೆ ಹುಡುಕುತ್ತದೆ ಎಂಬುದು ಬೆರಳ ತುದಿಯಲ್ಲಿ ಉಳಿಯಿತು. ಸಿದ್ಧ ಕಂಪೈಲರ್ ಹಾಕಿಕೊಂಡವನಿಗೆ ಈ ತಿಳಿವು ಬರುವುದಿಲ್ಲ.

ಇನ್ನೊಂದು ಗುಣ ಓದಿಸಿಕೊಳ್ಳುವ ಗುಣ. ಪಿ4 ಎಂಬ ಆವೃತ್ತಿಯ ಕಂಪೈಲರ್ ಸುಮಾರು 4 ಸಾವಿರ ಸಾಲು. ಒಳಗೆ ನೋಡಿದರೆ ಭಾಷೆಯ ವ್ಯಾಕರಣವೇ ಪ್ರೊಸೀಜರ್‌ಗಳಾಗಿ ನಿಂತಿದೆ. ‘ಎಕ್ಸ್‌ಪ್ರೆಷನ್’ ಎಂಬ ಪ್ರೊಸೀಜರ್ ‘ಸಿಂಪಲ್ ಎಕ್ಸ್‌ಪ್ರೆಷನ್’ ಅನ್ನು ಕರೆಯುತ್ತದೆ, ಅದು ‘ಟರ್ಮ್’ ಅನ್ನು, ಅದು ‘ಫ್ಯಾಕ್ಟರ್’ ಅನ್ನು. ಗುಣಾಕಾರ ಸಂಕಲನಕ್ಕಿಂತ ಮೊದಲು ಯಾಕೆ ನಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಈ ಕರೆಗಳ ಸರಣಿಯಲ್ಲೇ ಇದೆ, ಯಾವ ಕೋಷ್ಟಕವನ್ನೂ ಬಿಡಿಸಿ ನೋಡಬೇಕಿಲ್ಲ. ಕಣ್ಣು ಒಮ್ಮೆ ಮೇಲಿನಿಂದ ಕೆಳಗೆ ಹರಿದಂತೆ ಕಂಪೈಲರ್ ಕೂಡ ಪ್ರೋಗ್ರಾಮನ್ನು ಒಂದೇ ಸಲ ಓದಿ ಕೋಡ್ ಕೊಡುತ್ತದೆ. 1982ರಲ್ಲಿ ಪೆಂಬರ್ಟನ್ ಮತ್ತು ಡೇನಿಯಲ್ಸ್ ಈ ಕಂಪೈಲರಿಗೆ ಒಂದು ಇಡೀ ಪುಸ್ತಕದಷ್ಟು ವ್ಯಾಖ್ಯಾನ ಬರೆದರು. ಒಂದು ಕಾರ್ಯನಿರತ ಕಂಪೈಲರಿಗೆ ಅಂಥ ಟೀಕೆ ಹುಟ್ಟುವುದು ಅಪರೂಪ, ಹುಟ್ಟಿದ್ದು ಅದರ ಸ್ಪಷ್ಟತೆಗೆ ಸಂದ ಗೌರವ.

ಇಷ್ಟು ಮೆಚ್ಚಿದ ಮೇಲೆ ಇದರ ದೊಡ್ಡ ದೋಷಕ್ಕೆ ಬರಬೇಕು. ಪಾಸ್ಕಲ್-ಪಿ ಪೂರ್ಣ ಪಾಸ್ಕಲ್ ಅಲ್ಲ. ಕಂಪೈಲರ್ ತನ್ನನ್ನು ತಾನು ಕಂಪೈಲ್ ಮಾಡಿಕೊಳ್ಳಲು ಎಷ್ಟು ಬೇಕೋ ಹೆಚ್ಚುಕಡಿಮೆ ಅಷ್ಟನ್ನೇ ಅದು ಇಟ್ಟುಕೊಂಡಿತ್ತು. ಪ್ರೊಸೀಜರನ್ನೇ ಇನ್ನೊಂದು ಪ್ರೊಸೀಜರಿಗೆ ಪ್ಯಾರಾಮೀಟರ್ ಆಗಿ ಕಳಿಸಲು ಬರುತ್ತಿರಲಿಲ್ಲ. ಪ್ರೊಸೀಜರಿನ ಒಳಗಿಂದ ಹೊರಗೆ ಗೋಟು ಹಾರುವಂತಿರಲಿಲ್ಲ. ಬಳಕೆದಾರ ತನ್ನ ಫೈಲುಗಳನ್ನು ಘೋಷಿಸುವಂತಿರಲಿಲ್ಲ, ಮೊದಲೇ ನಿಗದಿಯಾದ ನಾಲ್ಕೇ ಫೈಲು. ಬೇಡವಾದ ಮೆಮೊರಿಯನ್ನು ಒಂದೊಂದಾಗಿ ಹಿಂದಿರುಗಿಸುವ ‘ಡಿಸ್ಪೋಸ್’ ಬದಲು, ಒಂದು ಗುರುತು ಹಾಕಿ ಆಮೇಲೆ ಅಲ್ಲಿಂದಾಚೆಗಿನದನ್ನೆಲ್ಲ ಒಟ್ಟಿಗೆ ಬಿಟ್ಟುಬಿಡುವ ‘ಮಾರ್ಕ್’, ‘ರಿಲೀಸ್’ ಎಂಬ ಜೋಡಿ ಇತ್ತು. ಇವೆಲ್ಲ ತಾತ್ಕಾಲಿಕ, ಪಡೆದವರು ಉಳಿದದ್ದನ್ನು ಸೇರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಜೂರಿಕ್‌ನದು.

ಆ ನಂಬಿಕೆ ಹುಸಿಯಾಯಿತು. ಅದು ಎಷ್ಟು ದೂರ ಹುಸಿಯಾಯಿತೆಂದು ನೋಡಲು ಒಂದೇ ಎಳೆ ಹಿಡಿದು ಹೋದರೆ ಸಾಕು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಕೆನೆತ್ ಬೌಲ್ಸ್ ಪಿ2 ಆವೃತ್ತಿಯನ್ನು ತೆಗೆದುಕೊಂಡು, ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು, ಚಿಕ್ಕ ಕಂಪ್ಯೂಟರ್‌ಗಳಿಗೆ ಯುಸಿಎಸ್‌ಡಿ ಪಾಸ್ಕಲ್ ಮಾಡಿದರು. ಎಡಿಟರ್, ಫೈಲ್ ವ್ಯವಸ್ಥೆ ಎಲ್ಲ ಸೇರಿದ ಒಳ್ಳೆಯ ವ್ಯವಸ್ಥೆ ಅದು. 1979ರಲ್ಲಿ ಅದು ಆಪಲ್ 2ಕ್ಕೂ ಬಂತು, 1981ರಲ್ಲಿ ಐಬಿಎಂ ಪಿಸಿಗೆ ಘೋಷಿಸಿದ ಮೂರು ಆಪರೇಟಿಂಗ್ ಸಿಸ್ಟಂಗಳಲ್ಲಿ ಅದೂ ಒಂದಾಗಿತ್ತು. ಆದರೆ ಅದರಲ್ಲಿ ಪ್ರೊಸೀಜರ್ ಪ್ಯಾರಾಮೀಟರ್ ಇರಲಿಲ್ಲ. ಮೆಮೊರಿಗೆ ಅದೇ ಮಾರ್ಕ್, ರಿಲೀಸ್. 1983ರಲ್ಲಿ 49.95 ಡಾಲರಿಗೆ ಮಾರಾಟಕ್ಕೆ ಬಂದ ಟರ್ಬೊ ಪಾಸ್ಕಲ್ ಪಿ-ಕೋಡನ್ನು ಬಿಟ್ಟು ನೇರ ಯಂತ್ರಭಾಷೆ ಕೊಡುವ ಹೊಸ ಕಂಪೈಲರ್. ಅಲ್ಲೂ ಮಾರ್ಕ್, ರಿಲೀಸ್ ಕಾಣಿಸಿಕೊಂಡವು. ಪ್ರೊಸೀಜರನ್ನು ಪ್ಯಾರಾಮೀಟರ್ ಆಗಿ ಕಳಿಸುವ ಸೌಲಭ್ಯ ಅದಕ್ಕೆ ಬಂದದ್ದು 5.0 ಆವೃತ್ತಿಯಲ್ಲಿ, ಅದೂ ಬೇರೆ ರೂಪದಲ್ಲಿ. ಜೂರಿಕ್‌ನಲ್ಲಿ ಸದ್ಯಕ್ಕೆಂದು ಬಿಟ್ಟ ಒಂದು ಭಾಗ ಹತ್ತು ವರ್ಷಕ್ಕೂ ಮೇಲೆ ಲಕ್ಷಾಂತರ ಜನರ ಪಾಲಿಗೆ ಭಾಷೆಯ ಸ್ವರೂಪವೇ ಆಗಿ ನಿಂತಿತು. ಎಂಬತ್ತರ ಕೊನೆಗೆ, ತೊಂಬತ್ತರ ಮೊದಲಿಗೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಟರ್ಬೊ ಪಾಸ್ಕಲ್‌ನ ನೀಲಿ ತೆರೆಯ ಮುಂದೆ ಕೂತವರು ಕಲಿತದ್ದೂ ಈ ವಂಶದ ಪಾಸ್ಕಲನ್ನೇ.

1981ರಲ್ಲಿ ಬ್ರಯಾನ್ ಕರ್ನಿಗನ್ ಪಾಸ್ಕಲ್ ತಮಗೇಕೆ ಇಷ್ಟವಿಲ್ಲ ಎಂದು ಬರೆದ ಪ್ರಬಂಧ ಇಂದಿಗೂ ಓದಿಸಿಕೊಳ್ಳುತ್ತದೆ. ಅರೇಯ ಉದ್ದ ಅದರ ಟೈಪಿನ ಭಾಗವಾಗಿರುವುದರಿಂದ ಬೇರೆ ಬೇರೆ ಉದ್ದದ ಅರೇಗಳಿಗೆ ಒಂದೇ ಪ್ರೊಸೀಜರ್ ಬರೆಯಲಾಗದು ಎಂಬ ಅವರ ದೂರು ವಿರ್ತ್ ಮಾಡಿದ ಭಾಷೆಯ ಮೇಲಿನದು, ನ್ಯಾಯವಾದದ್ದು. ಆದರೆ ಎಲ್ಲರೂ ತಮಗೆ ಬೇಕಾದ ಹಾಗೆ ಭಾಷೆಯನ್ನು ಹಿಗ್ಗಿಸಿ, ಒಂದೆಡೆಯ ಪ್ರೋಗ್ರಾಂ ಇನ್ನೊಂದೆಡೆ ನಡೆಯದ ಹಾಗಾಗಿದೆ ಎಂಬ ದೂರಿಗೆ ಹಂಚಿಕೆಯೂ ಉತ್ತರ ಕೊಡಬೇಕು.

ಹಾಗಾದರೆ ಜೂರಿಕ್ ಇನ್ನೂ ಒಂದೆರಡು ವರ್ಷ ಕಾದು ಪೂರ್ಣ ಕಂಪೈಲರನ್ನೇ ಕೊಡಬೇಕಿತ್ತೇ? ನಾನು ಹಾಗೆ ಹೇಳುವುದಿಲ್ಲ. ಪೂರ್ಣವಾಗಲೆಂದು ಕಾದ ಭಾಷೆಗಳ ಗತಿ ಆಲ್ಗಾಲ್ 68ರಲ್ಲಿ ಕಾಣುತ್ತದೆ. ಚಿಕ್ಕದಾಗಿ, ಓದಲು ಸಿಗುವಂತೆ, ಬೇಗ ಕೊಟ್ಟದ್ದು ಸರಿಯಾದ ತೀರ್ಮಾನ. ಕೊರತೆಯಾದದ್ದು ಇನ್ನೊಂದು ವಸ್ತುವಿನದು. ಟೇಪಿನಲ್ಲಿ ಕಂಪೈಲರ್ ಇತ್ತು, ಇಂಟರ್‌ಪ್ರಿಟರ್ ಇತ್ತು, ಟಿಪ್ಪಣಿ ಇತ್ತು. ‘ಇಷ್ಟು ಪ್ರೋಗ್ರಾಂಗಳು ನಿನ್ನ ಯಂತ್ರದಲ್ಲಿ ಸರಿಯಾಗಿ ನಡೆದರೆ ಮಾತ್ರ ಅದು ಪಾಸ್ಕಲ್’ ಎಂದು ಹೇಳುವ ಪರೀಕ್ಷೆಗಳ ಕಟ್ಟು ಇರಲಿಲ್ಲ. ಕಂಪೈಲರ್ ತನ್ನನ್ನೇ ಕಂಪೈಲ್ ಮಾಡಿಕೊಂಡರೆ ಸಾಕು ಎಂಬುದೊಂದೇ ಪರೀಕ್ಷೆ. ಕಂಪೈಲರ್ ಬಳಸದ ಸೌಲಭ್ಯಗಳು ಆ ಪರೀಕ್ಷೆಗೆ ಒಳಪಡುವುದೇ ಇಲ್ಲ, ಹಾಗಾಗಿ ಅವು ಇಲ್ಲದಿದ್ದರೂ ಯಾರ ಗಮನಕ್ಕೂ ಬರಲಿಲ್ಲ. ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ಆರ್ಥರ್ ಸೇಲ್ ಮತ್ತು ಇಂಗ್ಲೆಂಡಿನ ಬ್ರಯಾನ್ ವಿಚ್‌ಮನ್ ಅಂಥ ಪರೀಕ್ಷೆಗಳ ಕಟ್ಟನ್ನು ಸಿದ್ಧಪಡಿಸಿದ್ದು ಎಪ್ಪತ್ತರ ದಶಕದ ಕೊನೆಗೆ. ಐಎಸ್‌ಒ ಪ್ರಮಾಣ ಬಂದದ್ದು 1983ರಲ್ಲಿ. ಅಷ್ಟರಲ್ಲಿ ಉಪಭಾಷೆಗಳು ಬೇರು ಬಿಟ್ಟಿದ್ದವು. ಆ ಪರೀಕ್ಷೆಗಳು ಮೊದಲ ಟೇಪಿನಲ್ಲೇ ಹೋಗಿದ್ದರೆ ಸ್ಯಾನ್ ಡಿಯಾಗೊದವರಿಗೆ ತಾವು ಬಿಟ್ಟದ್ದು ಏನೆಂಬುದು ಪ್ರತಿದಿನ ಕಣ್ಣಿಗೆ ಬೀಳುತ್ತಿತ್ತು.

ಕೊಟ್ಟ ಮೇಲಿನ ಜವಾಬ್ದಾರಿಯನ್ನೂ ಜೂರಿಕ್ ಬೇಗ ಕೈಬಿಟ್ಟಿತು. ವಿರ್ತ್ ಅವರ ಮನಸ್ಸು ಆಗಲೇ ಮಾಡ್ಯುಲಾ ಎಂಬ ತಮ್ಮ ಮುಂದಿನ ಭಾಷೆಯ ಕಡೆ ಹರಿದಿತ್ತು. ಸಂಶೋಧಕನಿಗೆ ಆ ಹಕ್ಕಿದೆ, ಅದನ್ನು ತಪ್ಪೆನ್ನಲಾರೆ. ಆದರೆ ಬಳಸುವವರನ್ನು ಒಂದೆಡೆ ಸೇರಿಸುವ, ದೋಷಗಳನ್ನು ಪಟ್ಟಿಮಾಡುವ, ಎಲ್ಲಿ ಯಾವ ಯಂತ್ರಕ್ಕೆ ಪಾಸ್ಕಲ್ ಸಿಗುತ್ತದೆಂದು ತಿಳಿಸುವ ಕೆಲಸ ಅಮೆರಿಕದ ಕಾಲೊರಾಡೊದ ಜಾರ್ಜ್ ರಿಚ್ಮಂಡ್, ಆಮೇಲೆ ಮಿನೆಸೋಟದ ಆ್ಯಂಡಿ ಮಿಕೆಲ್ ಅವರಂಥವರ ಉತ್ಸಾಹದ ಮೇಲೆ ನಿಂತಿತು. ಅವರು ಹೊರತಂದ ಪತ್ರಿಕೆ ಇಲ್ಲದಿದ್ದರೆ ಪಾಸ್ಕಲ್ ಇನ್ನೂ ಬೇಗ ಒಡೆಯುತ್ತಿತ್ತು. ಭಾಷೆಯ ಕಥೆಯಲ್ಲಿ ಇಂಥವರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಸ್ಯಾನ್ ಡಿಯಾಗೊದ ಇನ್ನೊಂದು ತಿರುವನ್ನೂ ಹೇಳಬೇಕು. ಬೇಡಿಕೆ ವಿಶ್ವವಿದ್ಯಾಲಯದ ಕೈಮೀರಿ ಬೆಳೆದಾಗ 1979ರಲ್ಲಿ ಹಂಚುವ ಹಕ್ಕು ಸಾಫ್ಟೆಕ್ ಮೈಕ್ರೊಸಿಸ್ಟಮ್ಸ್ ಎಂಬ ಕಂಪನಿಗೆ ಹೋಯಿತು. ವಿದ್ಯಾರ್ಥಿಗಳು ಕಟ್ಟಿದ, ವಿದ್ಯಾರ್ಥಿಗಳಿಗೆಂದೇ ಕಟ್ಟಿದ ವ್ಯವಸ್ಥೆ ಮಾರುಕಟ್ಟೆಯ ಸರಕಾಯಿತು. ಪಿಸಿಯಲ್ಲಿ ಅಗ್ಗದ ಡಾಸ್ ಮುಂದೆ ಅದು ನಿಲ್ಲಲಿಲ್ಲ. ಜೂರಿಕ್ ಸೋರ್ಸ್ ಕೋಡನ್ನು ಕೊಟ್ಟು ಕೈತೊಳೆದುಕೊಂಡಿತೆಂದು ಮೇಲೆ ದೂರಿದೆ. ಆದರೆ ಹಾಗೆ ಮುಕ್ತವಾಗಿ ಕೊಟ್ಟದ್ದರಿಂದಲೇ ಪಾಸ್ಕಲ್-ಪಿ ಕಂಪನಿಗಳ ಏಳುಬೀಳಿಗೆ ಸಿಕ್ಕದೆ ಉಳಿಯಿತು. ಪಿ4ರ ಸೋರ್ಸ್ ಕೋಡ್ ಇವತ್ತೂ ಓದಲು ಸಿಗುತ್ತದೆ. ಕಾಲ್ಪನಿಕ ಯಂತ್ರಕ್ಕೆ ಕಂಪೈಲ್ ಮಾಡಿ ಎಲ್ಲೆಡೆ ನಡೆಸುವ ಉಪಾಯವನ್ನು ಜಾವಾ ತನ್ನ ಬುನಾದಿಯಾಗಿಸಿಕೊಂಡು ಮನೆಮಾತಾಗಿಸಿತು.

ಒಟ್ಟಿನಲ್ಲಿ ನನ್ನ ತೀರ್ಪು ಇದು: ಪ್ರಯೋಗದಲ್ಲಿರುವ ಭಾಷೆಯ ಕಂಪೈಲರನ್ನು ವಿಶ್ವವಿದ್ಯಾಲಯಗಳಿಗೆ ಹಂಚಿದ ಪ್ರಯತ್ನಗಳಲ್ಲಿ ಪಾಸ್ಕಲ್-ಪಿಗೆ ಸಾಟಿಯಾಗುವಂಥವು ಕೆಲವೇ. ಓದಬಲ್ಲ ಗಾತ್ರ, ತೆರೆದ ಸೋರ್ಸ್, ಪಡೆದವರ ಕೈಗೂ ಒಂದಿಷ್ಟು ಕೆಲಸ, ಈ ಮೂರರಲ್ಲಿ ಅದಕ್ಕೆ ಪೂರ್ಣ ಅಂಕ. ಭಾಷೆಯ ಗಡಿ ಯಾವುದೆಂದು ಪಡೆದವರಿಗೆ ತಿಳಿಸುವುದರಲ್ಲಿ ಅದು ಸೋತಿತು, ಆ ಸೋಲಿನ ಬೆಲೆಯನ್ನು ಭಾಷೆ ತೆತ್ತಿತು.

ಕರ್ನಾಟಕದ ಕಾಲೇಜುಗಳಲ್ಲಿ ಕಂಪೈಲರ್ ಪಾಠ ಹೇಳುವ ಅಧ್ಯಾಪಕರಲ್ಲಿ ಒಂದು ಮನವಿ. ನಮ್ಮ ಲ್ಯಾಬುಗಳಲ್ಲಿ ಲೆಕ್ಸ್, ಯಾಕ್ ಬಳಸಿ ಒಂದು ಕ್ಯಾಲ್ಕ್ಯುಲೇಟರ್ ಮಾಡಿಸುತ್ತೇವೆ, ಪಾರ್ಸಿಂಗ್ ಕೋಷ್ಟಕಗಳನ್ನು ಪರೀಕ್ಷೆಗೆ ಬರೆಸುತ್ತೇವೆ. ವಿದ್ಯಾರ್ಥಿ ನಿಜವಾದ ಒಂದು ಕಂಪೈಲರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದದೆಯೇ ಪದವಿ ಪಡೆಯುತ್ತಾನೆ. ಒಂದು ಸೆಮಿಸ್ಟರ್ ಪಿ4 ಓದಿಸಿ. ಪಿ-ಕೋಡ್ ಇಂಟರ್‌ಪ್ರಿಟರನ್ನು ಪೈಥಾನ್‌ನಲ್ಲೋ ಸಿ ಭಾಷೆಯಲ್ಲೋ ಅವರಿಂದಲೇ ಬರೆಸಿ, ಕಂಪೈಲರ್ ತನ್ನನ್ನು ತಾನು ಕಂಪೈಲ್ ಮಾಡಿಕೊಳ್ಳುವವರೆಗೆ ಬಿಡಬೇಡಿ. ಆಮೇಲೆ ಅದರಲ್ಲಿ ಇಲ್ಲದ ಡಿಸ್ಪೋಸನ್ನೂ ಪ್ರೊಸೀಜರ್ ಪ್ಯಾರಾಮೀಟರನ್ನೂ ಸೇರಿಸಲು ಹೇಳಿ, ಸೇರಿಸಿದ್ದು ಸರಿಯೆಂದು ತೋರಿಸುವ ಪರೀಕ್ಷೆಗಳನ್ನೂ ಅವರೇ ಬರೆಯಲಿ.