ಕದ್ದಾಲಿಕೆಯ ಕಾನೂನು ಮತ್ತು ಸತ್ಯಾಣುವ್ರತ

ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದ ಎಂಬೆರಡರಲ್ಲಿ ಸುಳ್ಳಿನ ಸೋಂಕು ಇರಲೇಬೇಕೆಂದಿಲ್ಲ. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು, ಪರರ ಇಂಗಿತವನ್ನು ಚರ್ಯೆಯಿಂದ ಅರಿತು ಬಯಲು ಮಾಡುವುದು, ಇವು ಆಡಿದ್ದು ನಿಜವಾಗಿದ್ದರೂ ದೋಷಗಳೇ. ಖಾಸಗಿತನವೆಂಬುದು ಪಾಶ್ಚಾತ್ಯರಿಂದ ಬಂದ ಸರಕೆನ್ನುವ ನಮ್ಮ ಬಂಧುಗಳು ಇದನ್ನು ಗಮನಿಸತಕ್ಕದ್ದು.

ಹಾಗೆಂದು ರಾಜ್ಯಕ್ಕೆ ಗೂಢಚಾರರೇ ಕೂಡದೆಂದು ಅರ್ಥವಲ್ಲ. ಗೃಹಸ್ಥನಿಗೆ ವಿರೋಧಿ ಹಿಂಸೆಯ ಪೂರ್ಣತ್ಯಾಗವನ್ನು ವಿಧಿಸಿಲ್ಲ. ಪ್ರಜೆಗಳನ್ನು ಕಾಯಬೇಕಾದವನು ಶತ್ರುವಿನ ಸಂಚನ್ನು ಅರಿಯಲೇಬೇಕು. ಆದರೆ ಹಾಗೆ ಆಲಿಸಿದ್ದರ ಲೆಕ್ಕವನ್ನು ತಪಾಸಣೆ ಮಾಡುವವರು ಯಾರು?

ನಮ್ಮ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಆರೋಪ ಬಂದು 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತುದು ಹಿರಿಯ ವಾಚಕರಿಗೆ ನೆನಪಿರಬಹುದು. 1885ರ ತಂತಿ ಅಧಿನಿಯಮದ 5(2)ನೆಯ ಪ್ರಕರಣ ಆಲಿಸುವ ಅಧಿಕಾರವನ್ನು ಕೊಟ್ಟಿತ್ತು. ಅದನ್ನು ಚಲಾಯಿಸುವ ವಿಧಾನವನ್ನು ಮಾತ್ರ ಯಾರೂ ರೂಪಿಸಿರಲಿಲ್ಲ. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ ದಾವೆಯಲ್ಲಿ, ಗೃಹ ಕಾರ್ಯದರ್ಶಿಯ ಆಜ್ಞೆ, ಕಾಲಮಿತಿ, ಪುನರ್ವಿಮರ್ಶಾ ಸಮಿತಿ ಇವನ್ನು ವಿಧಿಸಿತು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ವಾದವನ್ನು ಒಪ್ಪಲಿಲ್ಲ. ಆ ಬಾಗಿಲು ಅಂದಿನಿಂದ ಮುಚ್ಚಿಯೇ ಇದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಇಷ್ಟಾದ ಮೇಲೂ 2023ರ ದೂರಸಂಪರ್ಕ ಅಧಿನಿಯಮದಡಿ 2024ರಲ್ಲಿ ಬಂದ ನಿಯಮಗಳು ಹಳೆಯ ಏರ್ಪಾಡನ್ನೇ ಉಳಿಸಿಕೊಂಡಿವೆ. ಕೇಂದ್ರದ ಸಮಿತಿಗೆ ಸಂಪುಟ ಕಾರ್ಯದರ್ಶಿ, ರಾಜ್ಯದ ಸಮಿತಿಗೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು, ಸದಸ್ಯರೆಲ್ಲ ಕಾರ್ಯದರ್ಶಿಗಳೇ. ಆಜ್ಞೆ ಹೊರಡಿಸಿದವರೂ ಅದನ್ನು ಪರಿಶೀಲಿಸುವವರೂ ಒಂದೇ ಮನೆಯವರು! ಹುಂಡಿ ಅಂಗಡಿಯ ಸಣ್ಣ ವ್ಯಾಪಾರಿಯೂ ನಗದು ಪುಸ್ತಕ ಬರೆದ ಗುಮಾಸ್ತನಿಂದಲೇ ಲೆಕ್ಕ ತಪಾಸಣೆ ಮಾಡಿಸನು.

ಈ ಸಮಿತಿ ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪ್ರತಿ ಸಭೆಯಲ್ಲಿ 15,000ದಿಂದ 18,000 ಆಜ್ಞೆಗಳನ್ನು ನೋಡಬೇಕಾದ ಅಸಾಧ್ಯ ಕೆಲಸ ಅದರ ಮುಂದಿದೆಯೆಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿ ಹೇಳಿತು. ಎಂಟು ಗಂಟೆ ಎಡೆಬಿಡದೆ ಕುಳಿತರೂ ನಿಮಿಷಕ್ಕೆ 30ಕ್ಕೂ ಹೆಚ್ಚು ಆಜ್ಞೆಗಳಾದವು. ಓದುವುದಿರಲಿ, ಹಾಳೆ ಮಗುಚಲೂ ಸಾಲದು.

ಗುಪ್ತಚರ ಸಂಸ್ಥೆಗಳನ್ನು ಸಂಸತ್ತಿನ ನಿಗಾಕ್ಕೆ ತರಲು ಮನೀಷ್ ತಿವಾರಿಯವರು 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಶಾಸನವಾಗಲಿಲ್ಲ. ಸಮಿತಿಯಲ್ಲಿ ನ್ಯಾಯಾಧೀಶರೊಬ್ಬರಿರಲಿ, ವರ್ಷಕ್ಕೆಷ್ಟು ಆಜ್ಞೆಗಳಾದವೆಂಬ ಸಂಖ್ಯೆ ಸಂಸತ್ತಿನ ಮುಂದೆ ಬರಲಿ ಎಂಬುದು ಅತಿಯಾದ ಬೇಡಿಕೆಯಲ್ಲ. ಇವೆರಡಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ವಿಚಾರಣೆ ಮುಗಿದು, ಆಲಿಸಲ್ಪಟ್ಟವನು ನಿರ್ದೋಷಿಯೆಂದು ಕಂಡಮೇಲೆ ಆ ಸಂಗತಿಯನ್ನು ಅವನಿಗೆ ತಿಳಿಸಬೇಕು. ಈಗಿನ ನಿಯಮಗಳಲ್ಲಿ ಅದಕ್ಕೆ ಎಡೆಯಿಲ್ಲ. ದಾಖಲೆಗಳು ಆರು ತಿಂಗಳಲ್ಲಿ ನಾಶವಾಗುತ್ತವೆ, ಅನ್ಯಾಯಕ್ಕೊಳಗಾದವನಿಗೆ ದೂರು ಕೊಡಬೇಕೆಂಬುದೇ ಗೊತ್ತಾಗುವುದಿಲ್ಲ.