ಮೂಲೆಗುಂಪಾಗುವುದು ಎಂದರೇನು?

ಬಳಕೆ ತಪ್ಪಿಹೋದದ್ದಕ್ಕೆ ಇಂಗ್ಲಿಷಿನವರು ‘ಡೋಡೋ ಹಾದಿ ಹಿಡಿಯಿತು’ ಎನ್ನುತ್ತಾರೆ. ಮಾರಿಷಸ್ ದ್ವೀಪದ ಆ ಹಕ್ಕಿ 17ನೆಯ ಶತಮಾನದಲ್ಲಿ ನಿರ್ವಂಶವಾಯಿತು. ನಮ್ಮ ನ್ಯೂಜಿಲೆಂಡಿನ ಮಾವೊರಿಗಳಲ್ಲಿ ‘ಮೋವಾ ಕಳೆದಂತೆ ಕಳೆದುಹೋಯಿತು’ ಎಂಬ ಗಾದೆಯಿದೆ. ರೆಕ್ಕೆಯೇ ಇಲ್ಲದ ಆ ದೈತ್ಯ ಹಕ್ಕಿ, ಮನುಷ್ಯರು ಇಲ್ಲಿಗೆ ಬಂದ ಒಂದೆರಡು ಶತಮಾನಗಳಲ್ಲೇ ಬೇಟೆಗೆ ಬಲಿಯಾಯಿತು.

ಇಂಥ ಸಂದರ್ಭಕ್ಕೆ ನಾವು ಬಳಸುವ ಮಾತು ‘ಮೂಲೆಗುಂಪಾಯಿತು’. ಮೂರನ್ನೂ ಸಮಾನಾರ್ಥಕವೆಂದು ತಿಳಿಯುವುದು ತಪ್ಪು. ಡೋಡೋ, ಮೋವಾಗಳ ಮಾತು ಮರಣಪತ್ರವಿದ್ದಂತೆ. ಮೂಲೆಗುಂಪಾದದ್ದು ಇನ್ನೂ ಮನೆಯೊಳಗೇ ಇದೆ. ಮಿಕ್ಸಿ ಬಂದಾಗ ಒರಳುಕಲ್ಲು ಮೂಲೆ ಸೇರಿತು. ಅಟ್ಟ ಸೇರಿದ ಕೊಪ್ಪರಿಗೆ ಮದುವೆಗೆ ಮತ್ತೆ ಕೆಳಗಿಳಿಯಿತು. ಇನ್ನೊಂದು ಅಂಶವೂ ಗಮನಾರ್ಹ. ‘ಹಿರಿಯ ನಾಯಕರನ್ನು ಮೂಲೆಗುಂಪು ಮಾಡಿದರು’ ಎಂದು ಪತ್ರಿಕೆಗಳು ಬರೆಯುತ್ತವೆ. ಅಂದರೆ ಮೂಲೆಗೆ ತಳ್ಳಿದವರೊಬ್ಬರು ಇದ್ದೇ ಇರುತ್ತಾರೆ. ‘ಆಯಿತು’ ಎಂದಾಗ ಅವರು ಮರೆಯಾಗುತ್ತಾರೆ.

ಮೂಲೆಯಲ್ಲಿರುವುದನ್ನು ಸತ್ತಿತೆಂದು ಬರೆದುಬಿಡುವ ತಪ್ಪು ಇಲ್ಲೂ ನಡೆದಿದೆ. ತಾಕಾಹೆ ಹಕ್ಕಿ 1898ರ ನಂತರ ಅಳಿಯಿತೆಂದೇ ನಂಬಿದ್ದರು. 1948ರಲ್ಲಿ ಇನ್ವರ್‌ಕಾರ್ಗಿಲ್‌ನ ವೈದ್ಯ ಜೆಫ್ರಿ ಆರ್ಬೆಲ್, ದೇಶದ ನೈಋತ್ಯ ಮೂಲೆಯ ಮರ್ಚಿಸನ್ ಬೆಟ್ಟಗಳಲ್ಲಿ ಅದನ್ನು ಜೀವಂತವಾಗಿ ಕಂಡರು. ಮೋವಾ ಗಾದೆಯನ್ನು ಹೇಳಿದ ಮಾವೊರಿ ನುಡಿಯೂ ಶಾಲೆಗಳಲ್ಲಿ ಇಂಗ್ಲಿಷಿಗೆ ಜಾಗ ಬಿಟ್ಟು ಮೂಲೆ ಸೇರಿತ್ತು. 1982ರಲ್ಲಿ ‘ಕೊಹಂಗಾ ರೆಯೊ’ ಎಂಬ ನುಡಿಗೂಡುಗಳು ಶುರುವಾದವು. ಅಲ್ಲಿ ಪುಟ್ಟ ಮಕ್ಕಳೊಂದಿಗೆ ಹಿರಿಯರು ಮಾವೊರಿಯಲ್ಲೇ ಮಾತಾಡಿದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು.

‘ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಕನ್ನಡ ಮೂಲೆಗುಂಪಾಯಿತು’ ಎಂದು ನಮ್ಮ ಕೂಟಗಳಲ್ಲಿ ನಿಟ್ಟುಸಿರು ಬಿಡುತ್ತೇವೆ. ನಾನೂ ಬಿಟ್ಟಿದ್ದೇನೆ. ಆದರೆ ಆಸ್ಪತ್ರೆಯಿಂದ ದಣಿದು ಬಂದ ಸಂಜೆಗಳಲ್ಲಿ, ಮಗ ಇಂಗ್ಲಿಷಿನಲ್ಲಿ ಉತ್ತರಿಸಿದಾಗ ನಾನೂ ಇಂಗ್ಲಿಷಿಗೇ ಹೊರಳಿದೆ. ಹಾಗೆಯೇ ವರ್ಷಗಳು ಕಳೆದವು. ಆದ್ದರಿಂದ ನನ್ನ ಮನೆಯ ಮಟ್ಟಿಗೆ ವ್ಯಾಕರಣವನ್ನು ತಿದ್ದಬೇಕು: ಕನ್ನಡ ಮೂಲೆಗುಂಪಾಗಲಿಲ್ಲ, ನಾನೇ ಮಾಡಿದೆ.

ಮಗ ಈಗಲೂ ಕನ್ನಡ ಮಾತಾಡುವುದಿಲ್ಲ. ಆದರೆ ನಾನು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ. ವೈದ್ಯನಾಗಿ ಇದನ್ನು ನಾಡಿ ಸಿಕ್ಕ ಲಕ್ಷಣವೆಂದೇ ಎಣಿಸುತ್ತೇನೆ. ನಿವೃತ್ತನಾದ ಮೇಲೆ ಮೊಮ್ಮಗಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದೇನೆ. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದರೂ ನಾನು ಹೊರಳುವುದಿಲ್ಲ.