ಏರಿ ಇಳಿಯುವ ಅಂಕಿಗಳು

ಹಂಪೆಯ ಹೇಮಕೂಟದ ಮೇಲಿನ ಪ್ರಾಚೀನ ತ್ರಿಕೂಟಾಲಯಗಳ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಅದೇ ಕ್ರಮದಲ್ಲಿ ಇಳಿಯುವುದನ್ನು ಕಂಡಾಗಲೆಲ್ಲ ನನ್ನ ನೆನಪಿಗೆ ಬರುವುದು, ಕ್ರಿ.ಶ. 850ರ ಸುಮಾರಿನಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನಾಚಾರ್ಯ ಮಹಾವೀರನು ಆ ಗ್ರಂಥದಲ್ಲಿ ಇರಿಸಿರುವ 12345654321 ಎಂಬ ಮಹಾಸಂಖ್ಯೆ.

27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುವುದೆಂದು ಆಚಾರ್ಯನು ಹೇಳುತ್ತಾನೆ. ಈ ಗುಣ್ಯ ಗುಣಕಗಳು ಯದೃಚ್ಛೆಯಿಂದ ಬಂದವಲ್ಲ. ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ, ಆ ಎರಡು ಮೂಲಗಳ ಗುಣಲಬ್ಧವಾದರೋ 111111. ಆರು ಒಂದುಗಳನ್ನು ಅವುಗಳಿಂದಲೇ ಗುಣಿಸುವಾಗ ಒಂದೊಂದು ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುವುದರಿಂದ, ಅಂಚಿನ ಕಂಬಸಾಲಿನಲ್ಲಿ ಒಂದು, ನಡುವಿನದರಲ್ಲಿ ಆರು, ಹೀಗೆ ಮೊತ್ತಗಳು ಬೆಳೆದು ಕುಗ್ಗುವುವಲ್ಲದೆ ಎಲ್ಲಿಯೂ ದಶಕ ಉಳಿಯುವುದಿಲ್ಲ. ಒಂಬತ್ತು ಒಂದುಗಳವರೆಗೆ ನಿಲ್ಲುವ ಈ ಸೌಷ್ಠವ ಹತ್ತನೆಯದು ಸೇರಿದೊಡನೆ ಮುರಿಯುತ್ತದೆ. ಆಚಾರ್ಯನ ಸಂಖ್ಯೆಯ ಅಂಕಿಗಳ ಮೊತ್ತ 36. ಅದೂ ಆರರ ವರ್ಗವೇ!

ಗುಣಾಕಾರದ ಅಭ್ಯಾಸಕ್ಕೆಂದು ಇಂಥ ರತ್ನವನ್ನಿಟ್ಟ ಆಚಾರ್ಯನ ರಸಿಕತೆ, ಅವನ ಪಾಂಡಿತ್ಯಕ್ಕಿಂತ ಕಿರಿದಾದುದಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಶಾಲೆಗಳಲ್ಲಿ ಉಪಾಧ್ಯಾಯರು ಈ ಲೆಕ್ಕವನ್ನು ಮಕ್ಕಳ ಕೈಯಿಂದಲೇ, ಸಾಲು ಸಾಲಾಗಿ, ಒಮ್ಮೆ ಮಾಡಿಸಬೇಕೆಂದು ನನ್ನ ಪ್ರಾರ್ಥನೆ.